ಕಟಿಂಗ್ ಫೈಲು ಪಕ್ಕಕ್ಕಿಡಿ, ತಾಯಿ ಕಾರ್ಡ್ ತೋರಿಸಿ

ಪ್ರಶ್ನೆ: ಅಕ್ಕಾವ್ರೇ, ಶರಣು. ನಾನು ಶಹಾಪುರದ ಕಡೆಯವಳು. ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿ. ಹೆಸರಿಗೆ ಅದೊಂದು ವಿಭಾಗ, ಇರುವವಳು ನಾನೊಬ್ಬಳೇ. ಪ್ರೆಸ್‌ನೋಟ್, ಕ್ಯಾಂಪಿನ ಬ್ಯಾನರ್, ಫೇಸ್‌ಬುಕ್ ಎಲ್ಲ ನನ್ನದೇ. ಹೋದ ವರ್ಷ ದೀಪಾವಳಿಗೆ ಮೊದಲು 14 ತಾಂಡಾಗಳಲ್ಲಿ ಒಂದು ಕೆಲಸ ಮಾಡಿದೆವು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಪುಣೆ, ಬೆಂಗಳೂರಿಗೆ ಗುಳೆ ಹೋಗುವವರು ಮಗುವಿನ ಲಸಿಕೆಯ ದಾಖಲೆ ಇರುವ ತಾಯಿ ಕಾರ್ಡ್ ಜೊತೆಗೆ ಒಯ್ಯಬೇಕು, ಅಲ್ಲೇ ಲಸಿಕೆ ಹಾಕಿಸಬೇಕು ಅಂತ ಹೇಳುವ ಕೆಲಸ. ಲಂಬಾಣಿ ಮಾತಿನಲ್ಲಿ, ಒಬ್ಬ ತಾಯಿಯ ದನಿಯಲ್ಲೇ ವಾಟ್ಸ್‌ಆ್ಯಪ್ ಆಡಿಯೋ ಮಾಡಿಸಿದೆವು. ಕಾರ್ಡ್ ನೆನೆಯದಂತೆ ಪ್ಲಾಸ್ಟಿಕ್ ಚೀಲ, ಅದಕ್ಕೊಂದು ದಾರ ಕೊಟ್ಟೆವು. ಒಟ್ಟು ಖರ್ಚು 38 ಸಾವಿರ ರೂಪಾಯಿ.

ಈಗ ದಕ್ಷಿಣದ ರಾಜ್ಯಗಳ ಸಂಪರ್ಕ ವೃತ್ತಿಯವರಿಗೆ ಒಂದು ಪ್ರಶಸ್ತಿ ಸ್ಪರ್ಧೆ ಕರೆದಿದ್ದಾರೆ. ಒಂದು ಅರ್ಜಿಗೆ 6 ಸಾವಿರ ಶುಲ್ಕ. ಎರಡು ಪುಟ ಇಂಗ್ಲಿಷಿನಲ್ಲಿ ಬರೆಯಬೇಕು. ಪೇಪರ್ ಕಟಿಂಗ್ ಎಲ್ಲ ಸೇರಿಸಿ, ಜಾಹೀರಾತಿನ ದರದಲ್ಲಿ ಲೆಕ್ಕ ಹಾಕಿ, ಇಷ್ಟು ಲಕ್ಷದ ಪ್ರಚಾರ ಸಿಕ್ಕಿತು ಅಂತ ಬರಿ ಎನ್ನುತ್ತಾರೆ ನಮ್ಮ ಟ್ರಸ್ಟಿನ ಹಿರಿಯರು. ಬೆಂಗಳೂರಿನವರೊಬ್ಬರು 25 ಸಾವಿರ ಕೊಟ್ಟರೆ ಬರೆದುಕೊಡುತ್ತೇವೆ ಅಂದಿದ್ದಾರೆ. ದೊಡ್ಡ ಕಂಪನಿಗಳ ಮುಂದೆ ನಮ್ಮ ಪ್ಲಾಸ್ಟಿಕ್ ಚೀಲವನ್ನು ಯಾರು ನೋಡುತ್ತಾರೆ? ಕಳಿಸಲೋ, ಬೇಡವೋ?
– ಹೆಸರು ಬೇಡ, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ಶರಣು. ಕಳಿಸಿ. ಆದರೆ ಈ ವಾರವೇ ಅಲ್ಲ.

ನಿಮ್ಮ ಪತ್ರ ಮೂರು ಸಲ ಓದಿದೆ. ಎಷ್ಟು ತಾಂಡಾ, ಎಷ್ಟು ಖರ್ಚು, ಯಾರ ದನಿ, ಎಂಥ ಚೀಲ, ಎಲ್ಲ ಬರೆದಿದ್ದೀರಿ. ಒಂದೇ ಒಂದು ಮಾತು ಬಿಟ್ಟಿದ್ದೀರಿ. ಗುಳೆ ಹೋದ ಮಕ್ಕಳಲ್ಲಿ ಎಷ್ಟು ಮಂದಿಗೆ ಅಲ್ಲಿ ಲಸಿಕೆ ಬಿತ್ತು? ತೀರ್ಪುಗಾರರು ಮೊದಲು ಹುಡುಕುವುದು ಅದನ್ನೇ. ಅದು ಸಿಗದಿದ್ದರೆ ಉಳಿದದ್ದನ್ನು ಮೆಚ್ಚಿಕೊಂಡು ಮುಂದಿನ ಅರ್ಜಿ ತೆಗೆಯುತ್ತಾರೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ವಾಡಿ ಕಡೆಯ ಒಂದು ಕಾರ್ಖಾನೆಯ ಪ್ರಚಾರ ವಿಭಾಗದಲ್ಲಿ 26 ವರ್ಷ ದುಡಿದವಳು ನಾನು. 2003ರಲ್ಲಿ ಮೊದಲ ಸಲ ಇಂಥದ್ದೇ ಸ್ಪರ್ಧೆಗೆ ಕಳಿಸಿದೆ. ಕಾರ್ಮಿಕರ ಸುರಕ್ಷತೆ ಬಗ್ಗೆ ವರ್ಷವಿಡೀ ಮಾಡಿದ ಕೆಲಸ ಅದು. 84 ಪೇಪರ್ ಕಟಿಂಗ್‌ಗಳನ್ನು ಗೋಂದು ಹಚ್ಚಿ ಅಂಟಿಸಿ, ದಪ್ಪ ಫೈಲು ಮಾಡಿ, ಕಲಬುರಗಿಯ ಬೈಂಡರ್ ಹತ್ತಿರ ಬಂಗಾರದ ಅಕ್ಷರ ಹಾಕಿಸಿ ಕಳಿಸಿದ್ದೆ. ಆರು ವಾರಕ್ಕೆ ಫೈಲು ವಾಪಸು ಬಂತು. ಒಳಗೆ ಒಬ್ಬ ತೀರ್ಪುಗಾರರ ಕೈಬರಹದ ಚೀಟಿ: ನೀವು ಏನು ಹೇಳಿದಿರಿ ಅಂತ ತಿಳಿಯಿತು, ಕೇಳಿದವರು ಏನು ಮಾಡಿದರು? ಅವತ್ತು ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಸುರಕ್ಷತಾ ವಿಭಾಗಕ್ಕೆ ಹೋಗಿ ರಿಜಿಸ್ಟರ್ ಕೇಳಿದೆ. ವರ್ಷವಿಡೀ ಪೋಸ್ಟರ್ ಬರೆದ ನಾನು ಆ ರಿಜಿಸ್ಟರ್ ತೆರೆದದ್ದು ಅದೇ ಮೊದಲು. ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದವರ ಲೆಕ್ಕ ತಿಂಗಳು ತಿಂಗಳಿನದೂ ಅಲ್ಲಿತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಆದ್ದರಿಂದ ನಿಮ್ಮ ರಿಜಿಸ್ಟರ್ ಯಾವುದು ಅಂತ ನೋಡೋಣ. ನಿಮ್ಮ ಅದೃಷ್ಟ, ಅದು ಪ್ರತಿ ಮನೆಯಲ್ಲೂ ಇದೆ. ನೀವೇ ಚೀಲದಲ್ಲಿ ಹಾಕಿಕೊಟ್ಟ ತಾಯಿ ಕಾರ್ಡ್. 6, 10, 14 ವಾರಕ್ಕೆ ಐದು ರೋಗ ತಡೆಯುವ ಪೆಂಟಾ ಲಸಿಕೆ, 9 ತಿಂಗಳಿಗೆ ದಡಾರ–ರುಬೆಲ್ಲಾ ಲಸಿಕೆ, ಒಂದೊಂದಕ್ಕೂ ಅದರಲ್ಲಿ ಜಾಗ ಇದೆ, ತಾರೀಖು ಇರುತ್ತದೆ. ಕಬ್ಬಿನ ಹಂಗಾಮು ಮುಗಿಸಿ ಬಂದ ಮನೆಗಳಿಗೆ ಆಶಾ ಕಾರ್ಯಕರ್ತೆಯ ಜೊತೆ ಹೋಗಿ. ಗುಳೆ ಹೋದ ಮನೆಗಳಲ್ಲಿ ಒಂದು ವರ್ಷದೊಳಗಿನ ಮಕ್ಕಳು ಎಷ್ಟು? ಕಾರ್ಡ್ ವಾಪಸು ಬಂದದ್ದು ಎಷ್ಟು? ಊರಲ್ಲಿ ಇಲ್ಲದ ತಿಂಗಳಲ್ಲೇ ಬಿದ್ದ ಲಸಿಕೆ ಎಷ್ಟು? ಮೂರೇ ಲೆಕ್ಕ. ಒಂದು ನೋಟ್‌ಬುಕ್ ಸಾಕು.

ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಇದು ನಿಮ್ಮ ಆಡಿಯೋದಿಂದಲೇ ಆಯಿತೋ, ಹೇಗಿದ್ದರೂ ಆಗುತ್ತಿತ್ತೋ? ಮೊದಲಿನ ಲೆಕ್ಕ ಇಲ್ಲ ಅಂತ ಕೈಚೆಲ್ಲಬೇಡಿ. ಅದೇ ಮನೆಯಲ್ಲಿ ದೊಡ್ಡ ಮಗು ಇರುತ್ತದೆ ಅಲ್ವಾ? ಅದರ ಹಳೆಯ ಕಾರ್ಡ್ ಟ್ರಂಕಿನ ತಳದಲ್ಲಿ ಎಲ್ಲೋ ಇರುತ್ತದೆ. ಕಾರ್ಡ್ ಕಳೆದಿದ್ದರೆ ಉಪಕೇಂದ್ರದ ನರ್ಸಮ್ಮನ ಪುಸ್ತಕದಲ್ಲಿ ಇರುತ್ತದೆ. ಅದೇ ತಾಯಿ, ಅದೇ ಗುಳೆ. ಅಕ್ಕನಿಗೆ ಆ ತಿಂಗಳುಗಳಲ್ಲಿ ಲಸಿಕೆ ತಪ್ಪಿತ್ತೋ? ತಮ್ಮನಿಗೆ ತಪ್ಪಲಿಲ್ಲವೋ? ಎರಡು ಕಾರ್ಡ್ ಪಕ್ಕಪಕ್ಕ ಇಟ್ಟು ತೋರಿಸಿ. ಎರಡು ಪುಟದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಹೊಳೆಯುತ್ತಿಲ್ಲ. ನೀವು ಹೋಗದೆ ಬಿಟ್ಟ ಒಂದೆರಡು ತಾಂಡಾಗಳಲ್ಲೂ ಇದೇ ಲೆಕ್ಕ ತೆಗೆದರೆ ಇನ್ನೂ ಒಳ್ಳೆಯದು.

ಲೆಕ್ಕ ಚಿಕ್ಕದಾಗಿ ಬಂದರೆ ಚಿಕ್ಕದಾಗಿಯೇ ಬರೆಯಿರಿ. ನೋಡಿದ ಕಾರ್ಡ್ ಎಷ್ಟು, ಸಿಗದ ಕಾರ್ಡ್ ಎಷ್ಟು, ಎರಡನ್ನೂ ಹೇಳಿ. ಬರೀ ಶೇಕಡಾ ಹಾಕಬೇಡಿ. ಹತ್ತು ಮಕ್ಕಳಲ್ಲಿ ಏಳು ಅಂದರೂ ಶೇ. 70, ಸಾವಿರದಲ್ಲಿ ಏಳುನೂರು ಅಂದರೂ ಶೇ. 70. ಓದುವವರಿಗೆ ಆ ವ್ಯತ್ಯಾಸ ಗೊತ್ತಾಗಬೇಕು. ಜೊತೆಗೆ ಆಶಾ ಕಾರ್ಯಕರ್ತೆಯರು ಮನೆಮನೆ ಅಲೆದಿದ್ದಾರೆ. ಅವರ ಶ್ರಮವನ್ನೂ ಬರೆಯಿರಿ. ಎಲ್ಲ ನಮ್ಮಿಂದಲೇ ಆಯಿತು ಅನ್ನುವ ಅರ್ಜಿಯನ್ನು ಅನುಭವ ಇದ್ದ ತೀರ್ಪುಗಾರರು ನಂಬುವುದಿಲ್ಲ. ನಂಬಲೂ ಬಾರದು.

ಹಿರಿಯರ ಲಕ್ಷದ ಲೆಕ್ಕ ಬೇಡ. ಸುದ್ದಿ ಬಂದ ಜಾಗವನ್ನು ಕಾಲಂ ಸೆಂಟಿಮೀಟರ್‌ನಲ್ಲಿ ಅಳೆದು ಜಾಹೀರಾತಿನ ದರದಿಂದ ಗುಣಿಸುವುದು ನಮ್ಮ ಕಾಲದಲ್ಲಿ ಎಲ್ಲರ ರೂಢಿ. ನಾನೂ ಮಾಡಿದ್ದೇನೆ. ಆದರೆ 2010ರಲ್ಲಿ ಬಾರ್ಸಿಲೋನಾದಲ್ಲಿ ಸಂಪರ್ಕ ಕೆಲಸದ ಫಲ ಅಳೆಯುವ ವೃತ್ತಿಯವರು ಸೇರಿ ಏಳು ಸೂತ್ರ ಒಪ್ಪಿಕೊಂಡರು. ಅದರಲ್ಲಿ ಒಂದು, ಜಾಹೀರಾತಿನ ದರ ಸಂಪರ್ಕ ಕೆಲಸದ ಬೆಲೆ ಅಲ್ಲ ಅನ್ನುವುದು. ಹಿರಿಯರಿಗೆ ಎದುರು ಮಾತಾಡಿದಂತೆ ಆಗುವುದು ಬೇಡ. ಹೀಗೆ ಕೇಳಿ: ಸಾಹೇಬ್ರೇ, ಆ ತಾಂಡಾದ ತಾಯಂದಿರಲ್ಲಿ ಆ ಪೇಪರ್ ಓದಿದವರು ಎಷ್ಟು ಮಂದಿ? ಅವರಿಗೇ ಅರ್ಥವಾಗುತ್ತದೆ. ಒಂದೆರಡು ಒಳ್ಳೆಯ ಕಟಿಂಗ್ ಕೊನೆಗೆ ಸೇರಿಸಿ, ಹಿರಿಯರ ಮನಸ್ಸೂ ಉಳಿಯಲಿ.

ಇನ್ನು ಆ ಎರಡು ಪುಟ. ಅಮೆರಿಕದ ಸಾರ್ವಜನಿಕ ಸಂಪರ್ಕ ವೃತ್ತಿಯವರ ಸಂಸ್ಥೆ ಪಿಆರ್‌ಎಸ್‌ಎ ಕೊಡುವ ಸಿಲ್ವರ್ ಆನ್ವಿಲ್ ಪ್ರಶಸ್ತಿಗೆ ನಾಲ್ಕು ತಲೆಬರಹದ ಕೆಳಗೆ ಬರೆಯುವ ಪದ್ಧತಿ ಇದೆ. ಹುಡುಕಾಟ (ರಿಸರ್ಚ್), ಯೋಜನೆ, ಜಾರಿ, ಫಲದ ಅಳತೆ. ಬೇರೆ ಕಡೆ ಹೆಸರು ಬದಲಾದರೂ ಎಲುಬು ಇದೇ. ಐಎಬಿಸಿ ಅನ್ನುವ ಸಂಪರ್ಕ ವೃತ್ತಿಯವರ ಅಂತರರಾಷ್ಟ್ರೀಯ ಸಂಘದ ಗೋಲ್ಡ್ ಕ್ವಿಲ್ ಪ್ರಶಸ್ತಿಯಲ್ಲಿ 1ರಿಂದ 7ರ ಅಳತೆಯಲ್ಲಿ ಅಂಕ ಕೊಡುತ್ತಾರೆ. ಯಾವ ಭಾಗಕ್ಕೆ ಎಷ್ಟು ಅಂಕ ಅಂತ ನಿಮ್ಮ ಸ್ಪರ್ಧೆಯ ನಿಯಮದಲ್ಲೂ ಕೊಟ್ಟಿರಬಹುದು. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಂಡು ಬರೆಯಿರಿ. ಜಾಸ್ತಿ ಅಂಕದ ಭಾಗಕ್ಕೆ ಜಾಸ್ತಿ ಜಾಗ. ಕೆಲಸ ನಡೆದ ತಿಂಗಳುಗಳು ಅವರು ಹೇಳಿದ ಅವಧಿಯೊಳಗೆ ಬೀಳುತ್ತವೆಯೇ ಅಂತ ಶುಲ್ಕ ಕಟ್ಟುವ ಮೊದಲು ನೋಡಿ. ಅದು ತಪ್ಪಿದರೆ ಓದುವುದೂ ಇಲ್ಲ.

ಹುಡುಕಾಟದ ಭಾಗಕ್ಕೆ ನಿಮ್ಮ ಹತ್ತಿರ ಏನಿದೆ? ಲಂಬಾಣಿಯಲ್ಲೇ ಆಡಿಯೋ ಮಾಡಬೇಕು ಅಂತ ಯಾಕೆ ಅನ್ನಿಸಿತು? ಚೀಲದ ಯೋಚನೆ ಯಾರದು? ನನ್ನ ಊಹೆ, ಯಾರೋ ತಾಯಿ ನಿಮ್ಮ ಮುಂದೆ ಕುಳಿತು, ಕಾರ್ಡ್ ಮಳೆಗೆ ತೋಯ್ದು ಹೋತ್ರಿ, ಅಲ್ಲಿ ದವಾಖಾನ್ಯಾಗ ಕಾರ್ಡ್ ಎಲ್ಲದ ಅಂತ ಕೇಳ್ತಾರ, ಅಂದಿರಬೇಕು. ಹಾಗೆ ಯಾರಾದರೂ ಅಂದಿದ್ದರೆ ಅದೇ ನಿಮ್ಮ ಹುಡುಕಾಟ. ಎಷ್ಟು ಜನರ ಹತ್ತಿರ ಮಾತಾಡಿದಿರಿ, ಯಾವ ತಾಂಡಾದಲ್ಲಿ, ಯಾವ ತಿಂಗಳು, ಬರೆಯಿರಿ. ಇದಕ್ಕೆ ದೊಡ್ಡ ಸರ್ವೆ ಕಂಪನಿ ಬೇಕಿಲ್ಲ. ಆದರೆ ಶುರುವಿನಲ್ಲಿ ಗುರಿ ಅಂತ ಏನೂ ಬರೆದಿಟ್ಟಿರದಿದ್ದರೆ, ಈಗ ಕುಳಿತು ಒಂದು ಗುರಿ ಸೃಷ್ಟಿಸಬೇಡಿ. ಸಭೆಯ ನೋಟ್‌ನಲ್ಲಿ ಏನಿತ್ತೋ ಅದನ್ನೇ ಹಾಕಿ.

ಇಂಗ್ಲಿಷಿಗೆ ಹೆದರಬೇಡಿ. ಮೊದಲು ಕನ್ನಡದಲ್ಲಿ ಪೂರ್ತಿ ಬರೆಯಿರಿ. ಆಮೇಲೆ ನಿಮ್ಮ ಆಸ್ಪತ್ರೆಯ ಡಾಕ್ಟರೊಬ್ಬರು, ಇಲ್ಲವೇ ಶಾಲೆಯ ಇಂಗ್ಲಿಷ್ ಮೇಷ್ಟ್ರು ಸಹಾಯ ಮಾಡುತ್ತಾರೆ. 25 ಸಾವಿರ ಕೊಡಬೇಡಿ. ಅವರಿಗೆ ಆ ಟ್ರಂಕಿನ ತಳ ಗೊತ್ತಿಲ್ಲ, ಚಂದದ ಮಾತು ಮಾತ್ರ ಗೊತ್ತು. ಸರಳ ವಾಕ್ಯ ಸಾಕು. ಆದರೆ ಚೆನ್ನೈನಲ್ಲಿ ಕುಳಿತ ತೀರ್ಪುಗಾರರಿಗೆ ತಾಂಡಾ ಅಂದರೆ ಏನು, ಗುಳೆ ಅಂದರೆ ಏನು ಅಂತ ಮೊದಲ ನಾಲ್ಕು ಸಾಲಿನಲ್ಲೇ ತಿಳಿಯಬೇಕು. ಪದಗಳನ್ನು ಹಾಗೇ ಇಟ್ಟು, ಒಂದೊಂದು ಸಾಲಿನಲ್ಲಿ ಅರ್ಥ ಕೊಡಿ. ಗುಳೆಯನ್ನು ಬರೀ ವಲಸೆ ಅಂತ ಬರೆದರೆ ಶಾಶ್ವತವಾಗಿ ಹೋದರು ಅಂತ ತಿಳಿಯುತ್ತಾರೆ. ಇವರು ವಾಪಸು ಬರುವವರು. ನಿಮ್ಮ ಕೆಲಸದ ಅರ್ಥವೇ ಅದರಲ್ಲಿದೆ.

ಆಡಿಯೋ ಕಳಿಸುವಾಗ ಅದರ ಮಾತು ಪೂರ್ತಿ ಅನುವಾದ ಮಾಡಿ ಜೊತೆಗಿಡಿ. ಆ ತಾಯಿ ಯಾಡಿ ಅಂತ ಕರೆದಿದ್ದರೆ ಆ ಪದ ಉಳಿಸಿ, ಅಮ್ಮ ಅಂತ ಅರ್ಥ ಬರೆಯಿರಿ. ಮಕ್ಕಳ ಫೋಟೋ, ಕಾರ್ಡಿನ ಫೋಟೋ ಹಾಕುವ ಮುಂಚೆ ತಾಯಂದಿರ ಒಪ್ಪಿಗೆ ಬೇಕೇ ಬೇಕು. ಒಪ್ಪಿಗೆ ಪತ್ರವನ್ನು ಅವರ ಮಾತಿನಲ್ಲಿ ಓದಿ ಹೇಳಿಸಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಕಾರ್ಡಿನ ಮೇಲಿನ ಹೆಸರು, ಫೋನ್ ನಂಬರ್ ಮುಚ್ಚಿ. ಸ್ಪರ್ಧೆ ನಮ್ಮದು, ಅವರದಲ್ಲ.

ಯಾವ ವಿಭಾಗಕ್ಕೆ ಕಳಿಸಬೇಕು? ವಾಟ್ಸ್‌ಆ್ಯಪ್ ಇದೆ ಅಂತ ಸೋಷಿಯಲ್ ಮೀಡಿಯಾಕ್ಕೆ ಹಾಕಬೇಡಿ. ಅಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿದವರ ಪಕ್ಕ ನಿಲ್ಲಬೇಕಾಗುತ್ತದೆ. ಸಮುದಾಯ ಅಥವಾ ಆರೋಗ್ಯದ ವಿಭಾಗ ಇದ್ದರೆ ಅದಕ್ಕೇ. ಕಡಿಮೆ ಖರ್ಚಿನ ಕೆಲಸಕ್ಕೆ ಬೇರೆ ವಿಭಾಗ ಇದ್ದರೆ ಇನ್ನೂ ಸರಿ. ಒಂದೇ ವಿಭಾಗ ಸಾಕು, ಎರಡಕ್ಕೆ ಹಾಕಿದರೆ ಶುಲ್ಕವೂ ಎರಡು. 38 ಸಾವಿರದ ಪಕ್ಕದಲ್ಲಿ ನಿಮ್ಮ ಮತ್ತು ನರ್ಸಮ್ಮಂದಿರ ದಿನಗಳನ್ನೂ ಲೆಕ್ಕ ಹಾಕಿ ಬರೆಯಿರಿ. ಪುಕ್ಕಟೆ ಆಯಿತು ಅನ್ನುವುದು ನಿಜವಲ್ಲ.

ಆ 6 ಸಾವಿರ ಆಸ್ಪತ್ರೆಗೆ ಭಾರ ಅಂತ ನಿಮಗೆ ಅನ್ನಿಸಿದರೆ, ಸಂಘಟಕರಿಗೆ ಒಂದು ಪತ್ರ ಬರೆದು ರಿಯಾಯಿತಿ ಕೇಳಿ. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಸಿಗದಿದ್ದರೂ ತಾಂಡಾಕ್ಕೆ ಹೋಗಿ ಆ ಲೆಕ್ಕ ಮಾತ್ರ ತೆಗೆಯಲೇಬೇಕು ತಂಗಿ. ಬರುವ ದೀಪಾವಳಿಗೆ ಮತ್ತೆ ಜನ ಗಾಡಿ ಹತ್ತುತ್ತಾರೆ. ಚೀಲ ಕೆಲಸ ಮಾಡಿತೋ, ಆಡಿಯೋ ಮಾಡಿತೋ ನಿಮಗೆ ಅಷ್ಟರೊಳಗೆ ತಿಳಿದಿರಬೇಕು.

ಪ್ರಶ್ನೆ: ಬೀದರಿನ ಒಂದು ಸಹಕಾರಿ ಸಂಸ್ಥೆಯಲ್ಲಿ ಮೂರು ತಿಂಗಳಿಗೊಮ್ಮೆ ಕನ್ನಡ ಹೌಸ್ ಜರ್ನಲ್, ಅಂದರೆ ಸಂಸ್ಥೆಯದೇ ಪತ್ರಿಕೆ, ತರುತ್ತೇನೆ. ಏಪ್ರಿಲ್ 21ರ ಸಾರ್ವಜನಿಕ ಸಂಪರ್ಕ ದಿನಕ್ಕೆ ಬಿದರಿ ಕಲೆಯ ಮುಖಪುಟ ಹಾಕಿ, ಹೊಳೆಯುವ ಕಾಗದದಲ್ಲಿ ವಿಶೇಷಾಂಕ ಮಾಡಿ ಪ್ರಶಸ್ತಿಗೆ ಕಳಿಸಬೇಕು ಅಂತಿದ್ದೇನೆ. ಸರಿಯೇ?
– ಸಂಪಾದಕ, ಬೀದರ್

ಉತ್ತರ: ವಿಶೇಷಾಂಕ ಮಾಡಿ, ಸಂತೋಷ. 1968ರಲ್ಲಿ ದೆಹಲಿಯಲ್ಲಿ ಮೊದಲ ಅಖಿಲ ಭಾರತ ಸಾರ್ವಜನಿಕ ಸಂಪರ್ಕ ಸಮ್ಮೇಳನ ಶುರುವಾದ ದಿನ ಅದು. ನೆನೆಯುವುದು ಒಳ್ಳೆಯದೇ. ಆದರೆ ಪ್ರಶಸ್ತಿಗೆ ಅದೊಂದನ್ನೇ ಕಳಿಸಬೇಡಿ. ಸದಸ್ಯರ ಮನೆಗೆ ತಲುಪಿದ ಮಾಮೂಲಿ ಸಂಚಿಕೆಗಳನ್ನು ಸಾಲಾಗಿ ಕಳಿಸಿ. ಸ್ಪರ್ಧೆಗೆ ಅಂತಲೇ ಅಲಂಕಾರ ಮಾಡಿದ ಸಂಚಿಕೆ ಪಕ್ಕದಲ್ಲಿ ಇಟ್ಟರೆ ಕಣ್ಣಿಗೆ ಬೀಳುತ್ತದೆ.

ಹೊಳೆಯುವ ಕಾಗದದ ದುಡ್ಡಿನಲ್ಲಿ ಇನ್ನೊಂದು ಕೆಲಸ ಮಾಡಬಹುದು. ನೂರು ಸದಸ್ಯರಿಗೆ ಫೋನ್ ಮಾಡಿಸಿ: ಹೋದ ಸಂಚಿಕೆಯಲ್ಲಿ ಏನು ಓದಿದಿರಿ, ಮನೆಯಲ್ಲಿ ಬೇರೆ ಯಾರು ಓದಿದರು? ನಿಮ್ಮ ಊರಲ್ಲಿ ಮರಾಠಿ, ಉರ್ದು ಓದುವ ಸದಸ್ಯರೂ ಇದ್ದಾರೆ. ಅವರಿಗೆ ಸಾಲದ ಬಡ್ಡಿಯ ಪುಟ ತಿಳಿಯುತ್ತದೆಯೇ ಅಂತ ನನಗೆ ಕುತೂಹಲ. ಬಿದರಿ ಮುಖಪುಟ ಹಾಕುವುದಾದರೆ ಫೋಟೋ ತೆಗೆದವರ ಹೆಸರು ಹಾಕಿ. ಆ ಹೂಜಿ ಮಾಡಿದ ಕುಶಲಕರ್ಮಿಯ ಹೆಸರನ್ನು ಅದಕ್ಕಿಂತ ಮೊದಲು ಹಾಕಿ. ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಬರಿಸಿದ ಕೈ ಅದು. ಸಂಚಿಕೆ ಮುಗಿದ ಮೇಲೆ ಒಂದು ಪ್ರತಿ ಅವರ ಅಂಗಡಿಗೆ ಮುಟ್ಟಿಸಿ.

ಪ್ರಶ್ನೆ: ಕಲಬುರಗಿಯ ಒಂದು ಖಾಸಗಿ ಸಂಸ್ಥೆಯಲ್ಲಿದ್ದಾಗ ನೀರು ಉಳಿಸುವ ಅಭಿಯಾನ ಮಾಡಿದ್ದೆ. ಈಗ ಕೆಲಸ ಬಿಟ್ಟಿದ್ದೇನೆ. ನನ್ನ ಹೆಸರಿನಲ್ಲಿ ಕಳಿಸಬಹುದಾ?
– ಓದುಗ, ಸೇಡಂ ರಸ್ತೆ

ಉತ್ತರ: ಹಳೆಯ ಸಂಸ್ಥೆಯ ಲಿಖಿತ ಒಪ್ಪಿಗೆ ಇಲ್ಲದೆ ಬೇಡ ತಮ್ಮಾ. ಪೋಸ್ಟರು, ವಿಡಿಯೋ, ಲೆಕ್ಕ ಎಲ್ಲ ಅವರದು. ಬಿಟ್ಟು ಬಂದ ಮನಸ್ತಾಪ ಇದ್ದರೆ ಒಪ್ಪಿಗೆ ಕೇಳುವುದು ಕಷ್ಟ ಅಂತ ಬಲ್ಲೆ. ಆದರೂ ಕೇಳಿ. ಅರ್ಜಿ ಅವರ ಹೆಸರಿನಲ್ಲಿ ಹೋಗಲಿ, ಕೆಲಸ ಮಾಡಿದವರ ಪಟ್ಟಿಯಲ್ಲಿ ನಿಮ್ಮ ಹೆಸರು, ಜೊತೆಗಿದ್ದ ಡಿಸೈನರ್, ಡ್ರೈವರ್ ಎಲ್ಲರ ಹೆಸರೂ ಇರಲಿ ಅಂತ ಬರೆಯಿರಿ. ಕೊನೆಯ ದಿನಾಂಕಕ್ಕೆ ಒಂದು ತಿಂಗಳು ಮೊದಲೇ ಆ ಪತ್ರ ಅವರ ಕೈ ಸೇರಬೇಕು.