ಬೆಟ್ಟದ ಮೇಲಿನ ಗಿಡ್ಡ ರನ್‌ವೇಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದೆಹಲಿಯಿಂದ ಶಿಮ್ಲಾಕ್ಕೆ ಹೋಗುವ ಎಟಿಆರ್ ವಿಮಾನಗಳು ಅಲ್ಲಿಂದ ಮರಳುವಾಗ ಕೆಲವು ಸೀಟುಗಳನ್ನು ಖಾಲಿ ಬಿಟ್ಟುಕೊಂಡು ಹೊರಡಬೇಕಾಗುತ್ತದೆ ಎಂದು ಓದಿದೆ. ವಿಮಾನವೂ ಅದೇ, ಎಂಜಿನ್ನೂ ಅದೇ ಆಗಿರುವಾಗ ಹೊರುವ ಭಾರ ಏಕೆ ಕಡಿಮೆಯಾಗಬೇಕು? ಇರುವ ರನ್‌ವೇಯಲ್ಲೂ ಒಂದಷ್ಟು ಭಾಗವನ್ನು ಬಳಸದೆ ಬಿಡುವುದುಂಟೇ?
(ಓದುಗರೊಬ್ಬರು, ಶಿರಸಿ)

ಉತ್ತರ: ಶಿಮ್ಲಾದ ಜುಬ್ಬರಹಟ್ಟಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 1,546 ಮೀಟರ್ ಎತ್ತರದಲ್ಲಿದ್ದು, ಗುಡ್ಡದ ನೆತ್ತಿಯನ್ನು ಕಡಿದು ಮಾಡಿದ ಅದರ ರನ್‌ವೇಯ ಉದ್ದ ಸುಮಾರು 1,230 ಮೀಟರ್. 48 ಸೀಟುಗಳ ಎಟಿಆರ್ 42-600 ವಿಮಾನವು ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣಾಂಶದಲ್ಲಿ, ಪೂರ್ತಿ ಭಾರ ಹೊತ್ತು ಮೇಲೇರಲು ಸುಮಾರು 1,100 ಮೀಟರ್ ಬೇಡುತ್ತದೆ. ಈ ಎರಡು ಅಂಕಿಗಳನ್ನಷ್ಟೇ ನೋಡಿದವರಿಗೆ ಇನ್ನೂ ನೂರು ಮೀಟರ್ ಮಿಕ್ಕಿದೆಯಲ್ಲ ಎನ್ನಿಸಬಹುದು. ಆದರೆ ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 86ರಷ್ಟು ಮಾತ್ರ. ರೆಕ್ಕೆಗೆ ಅಷ್ಟೇ ಎತ್ತುವ ಬಲ ದೊರೆಯಬೇಕಾದರೆ ವಿಮಾನವು ನೆಲದ ಮೇಲೆ ಸುಮಾರು ಶೇ 8ರಷ್ಟು ಹೆಚ್ಚು ವೇಗದಲ್ಲಿ ಓಡಬೇಕು, ಮತ್ತು ಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಓಟವನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದರೆ ಬ್ರೇಕುಗಳು ನುಂಗಬೇಕಾದ ಶಕ್ತಿ ಶೇ 16ರಷ್ಟು ಹೆಚ್ಚುತ್ತದೆ. ಎಂಜಿನ್ನು, ಪ್ರೊಪೆಲ್ಲರ್‌ಗಳೂ ಅದೇ ತೆಳು ಗಾಳಿಯನ್ನು ನಂಬಿರುವುದರಿಂದ ಮುಂದಕ್ಕೆ ನೂಕುವ ಬಲವೂ ಕುಗ್ಗುತ್ತದೆ.

ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗಿ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ಶಿಮ್ಲಾದಲ್ಲಿ 30 ಡಿಗ್ರಿ ಇರುವ ದಿನ ವಿಮಾನದ ಪಾಲಿಗೆ ಆ ನಿಲ್ದಾಣ ಸುಮಾರು 2,450 ಮೀಟರ್ ಎತ್ತರದಲ್ಲಿದ್ದಂತೆಯೇ ಸರಿ. 3,256 ಮೀಟರ್ ಎತ್ತರದ ಲೇಹ್‌ನಲ್ಲಿ ರನ್‌ವೇ ಶಿಮ್ಲಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉದ್ದವಿದ್ದರೂ 2024ರ ಜುಲೈನಲ್ಲಿ ತಾಪಮಾನ ಏರಿದ್ದರಿಂದ ವಿಮಾನಗಳನ್ನು ರದ್ದುಪಡಿಸಬೇಕಾಯಿತು.

ಇದೆಲ್ಲ ಎರಡೂ ಎಂಜಿನ್ ಸರಿಯಾಗಿದ್ದಾಗಿನ ಮಾತು. ಓಟದ ನಡುವೆ ಒಂದು ಎಂಜಿನ್ ಕೈಕೊಟ್ಟರೆ ಉಳಿದ ರನ್‌ವೇಯೊಳಗೇ ವಿಮಾನ ನಿಲ್ಲಬೇಕು, ಇಲ್ಲವೇ ಒಂದೇ ಎಂಜಿನ್ನಿನಲ್ಲಿ ಮೇಲೇರಬೇಕು. ಚಕ್ರಗಳನ್ನು ಮಡಚಿದ ಬಳಿಕ ನೂರು ಮೀಟರ್ ಸಾಗುವಷ್ಟರಲ್ಲಿ ಕನಿಷ್ಠ 2.4 ಮೀಟರ್ ಏರುವ ತಾಕತ್ತು ಅದಕ್ಕಿರಬೇಕೆಂಬುದು ಈ ವರ್ಗದ ಎರಡು ಎಂಜಿನ್ನಿನ ವಿಮಾನಗಳಿಗಿರುವ ನಿಯಮ. ಎದುರಿಗೆ ಬೆಟ್ಟವಿದ್ದರೆ ಅದೂ ಸಾಲದಾಗುತ್ತದೆ.

ಇನ್ನು, ಬಳಸದೆ ಬಿಡುವ ಭಾಗದ ವಿಚಾರ. ಅದು ನಿಜ. ಅಂತರರಾಷ್ಟ್ರೀಯ ನಿಯಮದಂತೆ ರನ್‌ವೇಯ ಕೊನೆಯಿಂದ 60 ಮೀಟರ್ ಪಟ್ಟಿಯನ್ನು ಬಿಟ್ಟು, ಅದರಾಚೆ ಕನಿಷ್ಠ 90 ಮೀಟರ್ ಸುರಕ್ಷತಾ ಜಾಗ ಇರಬೇಕು. 240 ಮೀಟರ್ ಇದ್ದರೆ ಉತ್ತಮ. ಅಂಚಿನಾಚೆ ಪ್ರಪಾತವೇ ಇರುವಲ್ಲಿ ಈ ಜಾಗವನ್ನು ತರುವುದೆಲ್ಲಿಂದ? ಇರುವ ರನ್‌ವೇಯ ತುದಿಯನ್ನೇ ಅದಕ್ಕೆ ಬಿಟ್ಟುಕೊಟ್ಟು, ಬಳಸಬಹುದಾದ ಉದ್ದ ಇಷ್ಟು ಮಾತ್ರವೆಂದು ಘೋಷಿಸುವುದು ಒಂದು ದಾರಿ. ಹೀಗೆ ಕಳೆದುಕೊಂಡ ಮೀಟರುಗಳು ಅಗ್ಗದವಲ್ಲ. ಯುರೋಪಿನ ನಿಯಮವನ್ನು ನೋಡಿ: ಎಟಿಆರ್‌ನಂಥ ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗಿಸುವ) ವಿಮಾನವು ಘೋಷಿತ ಉದ್ದದ ಶೇ 70ರೊಳಗೆ ಇಳಿದು ನಿಲ್ಲುವಂತೆ ಲೆಕ್ಕ ಹಾಕಬೇಕು. ಎಂದರೆ 1,200 ಮೀಟರಿನಲ್ಲಿ 840 ಮೀಟರ್ ಸಿಕ್ಕರೆ, ನೂರು ಮೀಟರ್ ಕತ್ತರಿಸಿದಾಗ ಸಿಗುವುದು 770 ಮಾತ್ರ. ರನ್‌ವೇ ಒದ್ದೆಯಿದ್ದರೆ ಅದೂ ಇಲ್ಲ. ಗುಡ್ಡವನ್ನು ಹಿಗ್ಗಿಸಲಾಗದ್ದರಿಂದ ಭಾರವನ್ನು ಇಳಿಸುತ್ತಾರೆ, ಖಾಲಿ ಸೀಟುಗಳು ಹುಟ್ಟುವುದು ಅಲ್ಲಿಯೇ. ಟಿಕೆಟ್ ಸಿಗದವರಿಗೆ ಇದು ಕಿರಿಕಿರಿಯೆನ್ನಿಸಿದರೂ ನನ್ನ ಮಟ್ಟಿಗೆ ಇದು ನ್ಯಾಯವಾದ ವ್ಯಾಪಾರವೇ. ಬೇಸರದ ಸಂಗತಿ ಬೇರೊಂದಿದೆ: 800 ಮೀಟರ್ ರನ್‌ವೇಗಳಿಗೆಂದೇ ರೂಪಿಸುತ್ತಿದ್ದ 42-600ಎಸ್ ಮಾದರಿಯನ್ನು ಎಟಿಆರ್ ಕಂಪನಿ 2024ರಲ್ಲಿ ಕೈಬಿಟ್ಟಿತು.

ಪ್ರಶ್ನೆ: ನಮ್ಮ ಮಂಗಳೂರಿನ ರನ್‌ವೇಯೂ ಗುಡ್ಡದ ಮೇಲಿದೆ. ಅಲ್ಲಿಯೂ ಇದೇ ತೊಂದರೆಯೇ?
(ಓದುಗರೊಬ್ಬರು, ಪುತ್ತೂರು)

ಉತ್ತರ: ಅರ್ಧ ಮಾತ್ರ. ಬಜ್ಪೆಯ ನಿಲ್ದಾಣ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ನೂರು ಮೀಟರ್ ಎತ್ತರದಲ್ಲಿರುವುದರಿಂದ ತೆಳು ಗಾಳಿಯ ಕಾಟವಿಲ್ಲ, ರನ್‌ವೇಯೂ 2,450 ಮೀಟರ್ ಇದೆ. ಅಂಚಿನಾಚೆಯ ಇಳಿಜಾರು ಮಾತ್ರ ಬೆಟ್ಟದ ನಿಲ್ದಾಣಗಳಂಥದೇ. 2010ರ ಮೇ 22ರಂದು 158 ಜನರನ್ನು ಬಲಿ ತೆಗೆದುಕೊಂಡ ವಿಮಾನವು ನೆಲ ಮುಟ್ಟಿದ್ದೇ ಸುಮಾರು 1,600 ಮೀಟರ್ ದಾಟಿದ ಮೇಲೆ. ಅಂದು ರನ್‌ವೇಯನ್ನು ಮೊಟಕುಗೊಳಿಸಿದ್ದು ತಪ್ಪಾಗಿ ಇಳಿದ ರೀತಿಯೇ ಹೊರತು ಎತ್ತರವಲ್ಲ.

ಪ್ರಶ್ನೆ: ಎವರೆಸ್ಟ್ ಬೇಸ್ ಕ್ಯಾಂಪಿನ ಚಾರಣಕ್ಕೆ ಹೊರಟಿದ್ದೇವೆ. ಲುಕ್ಲಾ ವಿಮಾನದಲ್ಲಿ 15 ಕಿಲೋ ಸಾಮಾನಿಗಷ್ಟೇ ಅವಕಾಶ ಎನ್ನುತ್ತಾರೆ. ಅಷ್ಟು ಬಿಗಿ ಏಕೆ?
(ಓದುಗರೊಬ್ಬರು, ಮೈಸೂರು)

ಉತ್ತರ: ನೇಪಾಳದ ಲುಕ್ಲಾದಲ್ಲಿ ರನ್‌ವೇ 527 ಮೀಟರ್, ಎತ್ತರ 2,845 ಮೀಟರ್, ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗ. ಅಲ್ಲಿ ಕೆಲಸ ನಡೆಯುತ್ತಿರುವುದು ಇಳಿಜಾರಿನಿಂದ. ಶೇ 11.7ರಷ್ಟು ವಾಲಿರುವ ಆ ರನ್‌ವೇಯ ಎರಡು ತುದಿಗಳ ನಡುವೆ 60 ಮೀಟರಿನಷ್ಟು ಎತ್ತರದ ಅಂತರವಿದೆ. ಏರುಮುಖವಾಗಿ ಇಳಿಯುವ ವಿಮಾನವನ್ನು ಗುರುತ್ವವೇ ತಡೆಯುತ್ತದೆ, ಇಳಿಮುಖವಾಗಿ ಹೊರಡುವುದನ್ನು ಅದೇ ಗುರುತ್ವ ನೂಕುತ್ತದೆ. ಆದರೂ ಟ್ವಿನ್ ಆಟರ್, ಡಾರ್ನಿಯರ್ 228ರಂಥ ಚಿಕ್ಕ ವಿಮಾನಗಳಿಗೆ ಮಾತ್ರ ಅದು ಸಾಧ್ಯ. ಎಲ್ಲ ಸೇರಿ ಆರು ಟನ್ನಿನ ಆಸುಪಾಸು ತೂಗುವ ಇಂಥ ವಿಮಾನದಲ್ಲಿ ಹದಿನೈದು ಮಂದಿ ತಲಾ ಹತ್ತು ಕಿಲೋ ಹೆಚ್ಚು ತಂದರೆ ಇಬ್ಬರನ್ನು ಕೆಳಗಿಳಿಸಬೇಕಾದೀತು. ಏರುತುದಿಯಾಚೆ ಬೆಟ್ಟದ ಗೋಡೆಯಿರುವುದರಿಂದ ಇಳಿಯುವ ದಿಕ್ಕನ್ನು ಬದಲಿಸುವಂತಿಲ್ಲ, ಕೊನೆಯ ಗಳಿಗೆಯಲ್ಲಿ ಮತ್ತೆ ಮೇಲೇರುವಂತೆಯೂ ಇಲ್ಲ. ಹೀಗಾಗಿ ಹೊತ್ತೇರಿದಂತೆ ಕಣಿವೆಯ ಗಾಳಿ ಬೀಸತೊಡಗಿದರೆ ಹಾರಾಟ ನಿಲ್ಲುತ್ತದೆ. ಮುಂಜಾನೆಯ ವಿಮಾನಕ್ಕೇ ಟಿಕೆಟ್ ಮಾಡಿಸಿ, ಮರಳುವಾಗಲೂ ಕೈಯಲ್ಲಿ ಒಂದೆರಡು ದಿನ ಬಿಡುವಿಟ್ಟುಕೊಳ್ಳಿ.