ಬೆಂಗಳೂರು ಎಫ್‌ಸಿ 2020-21ರಲ್ಲಿ ಕಂಠೀರವದಲ್ಲಿ ಯಾಕೆ ಆಡಲಿಲ್ಲ?

2020-21ರಲ್ಲಿ ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಏಳನೇ ಸ್ಥಾನಕ್ಕೆ ಕುಸಿದಿದ್ದು ಯಾಕೆ, ತವರು ಮೈದಾನ ಕಂಠೀರವದಲ್ಲಿ ಯಾಕೆ ಆಡಲಿಲ್ಲ ಅಂತ ಕೇಳಿದ್ದೀರಿ. ಕೊರೊನಾ ಇತ್ತಲ್ವಾ, ಆ ಸಲ ಐಎಸ್‌ಎಲ್ ಪೂರ್ತಿ ಗೋವಾದ ಮೂರೇ ಮೈದಾನಗಳಲ್ಲಿ ನಡೆಯಿತು, ಫಟೋರ್ಡಾ, ಬಾಂಬೋಲಿಂ ಮತ್ತು ವಾಸ್ಕೋದ ತಿಲಕ್ ಮೈದಾನದಲ್ಲಿ, ಅದೂ ಪ್ರೇಕ್ಷಕರಿಲ್ಲದೆ. ಆಟಗಾರರಿಗೆ ತಿಂಗಳುಗಟ್ಟಲೆ ಹೋಟೆಲ್, ಬಸ್ಸು, ಮೈದಾನ ಇಷ್ಟೇ. ಸತತ ಮೂರು ಪಂದ್ಯ ಸೋತ ಮೇಲೆ ಜನವರಿಯಲ್ಲಿ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹೋದರು, ನೌಶಾದ್ ಮೂಸಾ ಬಂದರು. 20 ಪಂದ್ಯದಲ್ಲಿ ಗೆದ್ದಿದ್ದು ಬರೀ 5. ತವರಿನ ಜನ ಇಲ್ಲದಿದ್ದದ್ದೇ ದೊಡ್ಡ ಪೆಟ್ಟು ಅಂತ ನನ್ನ ಅಭಿಪ್ರಾಯ. ಆದರೆ ತಂಡವೂ ಸೊರಗಿತ್ತು, ಎಲ್ಲವನ್ನೂ ಸುಮ್ನೆ ಕೊರೊನಾ ಮೇಲೆ ಹಾಕಬಾರದು.

ನಾನು ಬೆಳಗಾವಿಯವನು. ಚೋರ್ಲಾ ಘಾಟ್ ಇಳಿದರೆ ಗೋವಾ ಮೂರು ತಾಸಿನ ದಾರಿ, ನಮ್ಮ ತಂಡ ಇಷ್ಟು ಹತ್ತಿರ ಹಿಂದೆಂದೂ ಇಷ್ಟು ದಿನ ಇದ್ದಿರಲಿಲ್ಲ, ಆದರೂ ನೀಲಿ ಜೆರ್ಸಿ ಹಾಕಿಕೊಂಡು ಮನೆಯ ಟಿವಿ ಮುಂದೆಯೇ ಕೂರಬೇಕಾಯಿತು. ನಾಯಕ ಸುನಿಲ್ ಛೆಟ್ರಿ ಗೋಲ್ ಹೊಡೆದಾಗ ಹಿಂದೆ ಸಾಲುಸಾಲು ಖಾಲಿ ಕುರ್ಚಿಗಳು ಕಾಣುತ್ತಿದ್ದವು, ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. 2020ರ ಮಾರ್ಚ್ 1ರಂದು ಕಂಠೀರವದಲ್ಲಿ ಸೆಮಿಫೈನಲ್ ಆಡಿದವರು, ಮತ್ತೆ ಅಲ್ಲಿ ಐಎಸ್‌ಎಲ್ ಪಂದ್ಯ ಆಡಿದ್ದು 2022ರ ಅಕ್ಟೋಬರ್‌ನಲ್ಲಿ.