ಅಮೆರಿಕದ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಧರ್ಮದ ತರಗತಿ ಕಡ್ಡಾಯವೇ? ಹಿಂದೂ ಮಕ್ಕಳನ್ನು ಸೇರಿಸಬಹುದೇ?

ಧಾರಾಳವಾಗಿ ಸೇರಿಸಬಹುದು. ಆದರೆ ಧರ್ಮದ ತರಗತಿಗೆ ವಿನಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ 9ರಿಂದ 12ನೇ ತರಗತಿವರೆಗೆ ಅದು ಗಣಿತದಂತೆಯೇ ಅಂಕವಿರುವ ವಿಷಯ. ನಮ್ಮ ಕಡೆಯ ಕಾನ್ವೆಂಟುಗಳಲ್ಲಿ ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ, ಉಳಿದವರು ಮಾರಲ್ ಸೈನ್ಸಿಗೆ ಹೋಗುತ್ತಾರಲ್ಲ, ಆ ವಿಂಗಡಣೆ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಅಲ್ಲಿನ ಬಿಷಪರ ಸಮ್ಮೇಳನ (ದೇಶದ ಕ್ಯಾಥೊಲಿಕ್ ಬಿಷಪರ ಸಂಘಟನೆ) 2007ರಲ್ಲಿ ಒಪ್ಪಿದ ಪಠ್ಯ ಚೌಕಟ್ಟಿನಲ್ಲಿ ಆರು ಮುಖ್ಯ ಕೋರ್ಸುಗಳಿವೆ. ಬೈಬಲಿನಿಂದ ಶುರುವಾಗಿ ಯೇಸು, ಚರ್ಚು, ಸಂಸ್ಕಾರಗಳನ್ನು ದಾಟಿ ನೈತಿಕ ಬದುಕಿಗೆ ಬಂದು ನಿಲ್ಲುತ್ತದೆ. ಅನ್ಯಧರ್ಮಗಳ ಪರಿಚಯ ಐಚ್ಛಿಕ. ತತ್ತ್ವಶಾಸ್ತ್ರ ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ; ಇದ್ದರೆ ಪ್ಲೇಟೊ, ಅರಿಸ್ಟಾಟಲ್, ಮಧ್ಯಯುಗದ ಕ್ಯಾಥೊಲಿಕ್ ಚಿಂತಕ ಅಕ್ವೈನಾಸರನ್ನು ಓದಿಸುತ್ತಾರೆ.

ನನಗೆ ನಿಜಕ್ಕೂ ಬೆಲೆಯುಳ್ಳದ್ದೆನಿಸುವುದು ಈ ಶಿಕ್ಷಣದ ಜೊತೆಗೇ ಬರುವ ಸಮಾಜಸೇವೆಯ ಭಾಗ. 1973ರಲ್ಲಿ ಜೆಸ್ವಿಟರ (ಶಾಲೆ-ಕಾಲೇಜು ನಡೆಸುವ ಕ್ಯಾಥೊಲಿಕ್ ಸನ್ಯಾಸಿ ಸಂಘದವರ) ಮುಖ್ಯಸ್ಥ ಪೆದ್ರೊ ಅರೂಪೆ ಸ್ಪೇನಿನ ವೆಲೆನ್ಸಿಯಾದಲ್ಲಿ ಹಳೆಯ ವಿದ್ಯಾರ್ಥಿಗಳೆದುರು ನಿಂತು, ನ್ಯಾಯಕ್ಕಾಗಿ ದುಡಿಯುವುದನ್ನು ನಾವು ನಿಮಗೆ ಕಲಿಸಲಿಲ್ಲ ಎಂದು ನೇರವಾಗಿ ಒಪ್ಪಿಕೊಂಡರು. ಪರರಿಗಾಗಿ ಬದುಕುವವರನ್ನು ರೂಪಿಸುವುದೇ ಶಿಕ್ಷಣದ ಗುರಿ ಎಂದರು. ಆ ಮಾತಿನ ಪ್ರಭಾವ ಜೆಸ್ವಿಟ್ ಶಾಲೆಗಳಲ್ಲಿ ಇಂದಿಗೂ ಕಾಣುತ್ತದೆ. ಬಡವರಿಗೆ ಉಚಿತವಾಗಿ ಆಹಾರ ಹಂಚುವ ಫುಡ್ ಬ್ಯಾಂಕಿನಲ್ಲಿ ಡಬ್ಬಿ ಜೋಡಿಸಿ ಬಂದರಷ್ಟೇ ಸಾಲದು. ಇಬ್ಬರು ದುಡಿಯುವ ಮನೆಯವರೂ ಇಲ್ಲಿ ಸಾಲಿನಲ್ಲಿ ನಿಲ್ಲುವುದೇಕೆ, ಬಾಡಿಗೆಗೆ ಎಷ್ಟು ಹೋಗುತ್ತದೆ ಎಂದು ಯೋಚಿಸಿ ಬರೆಯಬೇಕು. ಮೇಲಿನ ತರಗತಿಯವರು ಕಿರಿಯರ ತಂಡವನ್ನು ಮುನ್ನಡೆಸುವುದೂ ಉಂಟು.

ಬಲಿಪೂಜೆಗೆ (ಚರ್ಚಿನ ಮುಖ್ಯ ಆರಾಧನೆ, ಮಾಸ್) ಎಲ್ಲರೊಡನೆ ಕೂರಬೇಕಾಗಬಹುದು, ಅಲ್ಲಿ ಹಂಚುವ ಪರಮಪ್ರಸಾದವನ್ನು (ಪವಿತ್ರ ರೊಟ್ಟಿಯನ್ನು) ಮಾತ್ರ ಸಾಮಾನ್ಯವಾಗಿ ಕ್ಯಾಥೊಲಿಕರಲ್ಲದವರಿಗೆ ಕೊಡುವುದಿಲ್ಲ. ಮತಾಂತರದ ಒತ್ತಡದ ಭಯವಿದ್ದರೆ ಪ್ರವೇಶಕ್ಕೆ ಮುಂಚೆಯೇ ಧರ್ಮದ ಶಿಕ್ಷಕರನ್ನು ಕಂಡು ಮಾತಾಡಿ, ಪಠ್ಯಪುಸ್ತಕ ತಿರುವಿ ನೋಡಿ.